ಹಬ್ಬ ನಿಂತ ಮನೆಗಳು: ೧೯೧೮ರ ಶರತ್ಕಾಲ

ಕಾಳಯುಕ್ತಿ ಸಂವತ್ಸರ, ಶಾಲಿವಾಹನ ಶಕ ೧೮೪೦. ಇಂಗ್ಲಿಷ್ ಲೆಕ್ಕದಲ್ಲಿ ೧೯೧೮ನೆಯ ಇಸವಿ. ಚರಿತ್ರೆಯ ಪುಸ್ತಕಗಳಲ್ಲಿ ಇದು ಯೂರೋಪಿನ ಮಹಾಯುದ್ಧವು ಮುಗಿದ ವರ್ಷವೆಂದು ಪ್ರಸಿದ್ಧವಾಗಿದೆ. ಸೇನಾನಿಗಳ ಹೆಸರುಗಳು, ಸಂಧಿಯ ಕರಾರುಗಳು, ಉರುಳಿದ ಸಿಂಹಾಸನಗಳು ಎಲ್ಲವೂ ಅಲ್ಲಿ ಕ್ರಮವಾಗಿ ದೊರೆಯುವುವು. ಆದರೆ ಭರತಖಂಡದ ಮನೆಮನೆಗಳಿಗೆ ಅದು ಜ್ವರದ ವರ್ಷವಾಗಿದ್ದಿತು. ನಾಲ್ಕು ವರ್ಷಗಳ ಯುದ್ಧದಲ್ಲಿ ಮಡಿದ ಭಾರತೀಯ ಯೋಧರ ಸಂಖ್ಯೆ ಸುಮಾರು ೭೪ ಸಾವಿರ. ಇನ್‌ಫ್ಲುಯೆಂಜಾ ಜ್ವರದಿಂದ, ಮುಖ್ಯವಾಗಿ ಆ ಒಂದು ಶರತ್ಕಾಲದಲ್ಲಿ, ತಮ್ಮ ತಮ್ಮ ಮನೆಯ ಚಾಪೆಗಳ ಮೇಲೆಯೇ ಪ್ರಾಣಬಿಟ್ಟವರು ಒಂದು ಕೋಟಿಗೂ ಮೇಲ್ಪಟ್ಟವರು. ಯುದ್ಧದಲ್ಲಿ ಮಡಿದವರಿಗೆ ದಿಲ್ಲಿಯಲ್ಲಿ ಕಲ್ಲಿನ ಮಹಾದ್ವಾರವು ಎದ್ದಿತು. ಜ್ವರದಲ್ಲಿ ಮಡಿದವರಿಗೆ ಮನೆಯವರ ನೆನಪೊಂದೇ ಸ್ಮಾರಕವಾಗಿ ಉಳಿಯಿತು.

ಆ ಜ್ವರದ ವೈದ್ಯಕೀಯ ಚರಿತ್ರೆಯನ್ನು ಪಂಡಿತರು ಸಾಕಷ್ಟು ಬರೆದಿದ್ದಾರೆ. ಅಂತಹ ಶರತ್ಕಾಲದಲ್ಲಿ ಮನೆಯ ಒಳಗಿನ ಬಾಳು ಯಾವ ಬಗೆಯಾಗಿ ನಡೆಯಿತು, ಹಬ್ಬಗಳು ಏನಾದುವು, ಮಂಚದ ಮೇಲಿದ್ದವರೂ ಮಂಚದ ಬಳಿ ಕುಳಿತವರೂ ಹೊತ್ತನ್ನು ಹೇಗೆ ಕಳೆಯುತ್ತಿದ್ದರು ಎಂಬುದನ್ನು ನಮ್ಮ ನಾಡಿನ ಆಚಾರವ್ಯವಹಾರಗಳ ಬೆಳಕಿನಲ್ಲಿ ವಿಚಾರಮಾಡುವುದು ಈ ಲೇಖನದ ಉದ್ದೇಶ.

೧

ಮೊದಲು ವ್ಯಾಧಿಯು ಬಂದ ಬಗೆಯನ್ನು ಸಂಕ್ಷೇಪವಾಗಿ ಹೇಳಬೇಕು. ೧೯೧೮ರ ಜೂನ್ ೧೦ರಂದು ಬೊಂಬಾಯಿಯಲ್ಲಿ ಏಳು ಮಂದಿ ಪೋಲೀಸು ಸಿಪಾಯಿಗಳು ಜ್ವರದಿಂದ ಆಸ್ಪತ್ರೆಯನ್ನು ಸೇರಿದರು. ಮಳೆಗಾಲದ ಆ ಮೊದಲ ಅಲೆಯು ಬಹುಮಂದಿಯನ್ನು ಮಲಗಿಸಿತಾದರೂ ಕೊಂದುದು ಕಡಮೆ. ಜನರು ನೆಮ್ಮದಿಯಿಂದ ಉಸಿರುಬಿಡುವಷ್ಟರಲ್ಲಿ, ಸೆಪ್ಟೆಂಬರಿನಲ್ಲಿ, ಅದೇ ಜ್ವರವು ರೂಪವನ್ನು ಬದಲಿಸಿಕೊಂಡು ಹಿಂದಿರುಗಿತು. ಈ ಸಲ ಶ್ವಾಸಕೋಶಗಳು ಕಟ್ಟಿಕೊಂಡು ರೋಗಿಗಳು ಕೆಲವೇ ದಿನಗಳಲ್ಲಿ ತೀರಿಹೋಗತೊಡಗಿದರು. ಅಕ್ಟೋಬರ್ ೬ರಂದು ಬೊಂಬಾಯಿ ನಗರವೊಂದರಲ್ಲಿಯೇ ೭೬೮ ಮರಣಗಳು ದಾಖಲೆಯಾದುವು. ಮಹಾಲಯವು ಕಳೆದು ನವರಾತ್ರಿಯು ಮೊದಲಾಗುವ ಸಂಧಿಯ ದಿನಗಳು ಅವು.

ರೈಲುದಾರಿಗಳ ಗುಂಟ ಜ್ವರವು ಒಳನಾಡಿಗೆ ಹರಿಯಿತು. ಆಗ ಕನ್ನಡಿಗರು ಮೈಸೂರು, ಬೊಂಬಾಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ವ್ಯಾಧಿಗೆ ಈ ಎಲ್ಲೆಗಳು ಇರಲಿಲ್ಲವಾದರೂ ಅದರ ಹೊಡೆತವು ಎಲ್ಲ ಕಡೆಯೂ ಸಮನಾಗಿರಲಿಲ್ಲ; ಬೆಳಗಾವಿ, ಧಾರವಾಡ, ಬಿಜಾಪುರಗಳನ್ನೊಳಗೊಂಡ ಬೊಂಬಾಯಿ ಪ್ರಾಂತವು ಅತ್ಯಂತ ಹೆಚ್ಚು ನೊಂದ ಪ್ರಾಂತಗಳಲ್ಲಿ ಒಂದು. ಇಂದಿನ ಕರ್ಣಾಟಕದ ಎಲ್ಲೆಯೊಳಗೆ ೧೯೧೧ರಲ್ಲಿ ೧ ಕೋಟಿ ೩೫ ಲಕ್ಷ ಜನರಿದ್ದರು. ೧೯೨೧ರ ಗಣತಿಯಲ್ಲಿ ಈ ಸಂಖ್ಯೆಯು ಸುಮಾರು ಒಂದೂವರೆ ಲಕ್ಷದಷ್ಟು ಕುಗ್ಗಿತು. ಹತ್ತು ವರ್ಷಗಳಲ್ಲಿ ಹುಟ್ಟಿದವರೆಲ್ಲರೂ ಸೇರಿದರೂ ಹೋದವರ ಸ್ಥಾನವು ತುಂಬಲಿಲ್ಲವೆಂದು ಇದರ ಅರ್ಥ. ಸಾಲದುದಕ್ಕೆ ಆ ವರ್ಷ ಮುಂಗಾರು ದೇಶದಲ್ಲೆಲ್ಲ ಕೈಕೊಟ್ಟಿತು. ಯುದ್ಧದ ದೆಸೆಯಿಂದ ಮೊದಲೇ ಏರಿದ್ದ ಧಾನ್ಯದ ಬೆಲೆ ಇನ್ನೂ ಏರಿತು. ಜ್ವರದವರಿಗೆ ಗಂಜಿ ಕಾಯಿಸಲು ಹಿಡಿ ಅಕ್ಕಿಯನ್ನು ಹೊಂದಿಸುವುದೂ ಬಡವರ ಮನೆಯಲ್ಲಿ ಕಷ್ಟವಾಯಿತು.

೨

ನಮ್ಮ ಜನರಿಗೆ ಸಾಂಕ್ರಾಮಿಕವು ಹೊಸದಾಗಿರಲಿಲ್ಲ. ೧೮೯೮ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಅಂದಿನಿಂದ ಇಪ್ಪತ್ತು ವರ್ಷಗಳ ಕಾಲ ಅದು ಹೋಗುತ್ತ ಬರುತ್ತ ಇದ್ದಿತು. ಅದು ಜನರಿಗೆ ಒಂದು ಪಾಠವನ್ನು ಚೆನ್ನಾಗಿ ಕಲಿಸಿದ್ದಿತು. ಮನೆಯಲ್ಲಿ ಇಲಿ ಬಿದ್ದರೆ ಮನೆಯನ್ನು ಬಿಡಬೇಕು. ಪಾತ್ರೆಪದಾರ್ಥಗಳನ್ನು ಗಾಡಿಗೆ ಹೇರಿಕೊಂಡು, ಬಾಗಿಲಿಗೆ ಬೀಗವಿಕ್ಕಿ, ಊರ ಹೊರಗಿನ ಹೊಲಗಳಲ್ಲಿ ಸೋಗೆಯ ಗುಡಿಸಲುಗಳನ್ನು ಹಾಕಿಕೊಂಡು ವಾಸಮಾಡುವುದು ಅನೇಕ ಕುಟುಂಬಗಳಿಗೆ ಅಭ್ಯಾಸವೇ ಆಗಿಹೋಗಿದ್ದಿತು. ಭಯವಿದ್ದರೂ ಆ ಗುಡಿಸಲುಗಳ ಬಾಳಿನಲ್ಲಿ ಬಯಲು, ಬಿಸಿಲು, ನೆರೆಹೊರೆಗಳ ಸಂಗ ಇದ್ದುವು. ಮಕ್ಕಳಿಗಂತೂ ಓಡಾಡಲು ಹೊಲವೇ ಅಂಗಳ.

೧೯೧೮ರ ಜ್ವರಕ್ಕೆ ಈ ಪಾಠವು ಉಪಯೋಗಕ್ಕೆ ಬರಲಿಲ್ಲ. ಈ ವ್ಯಾಧಿಯು ಇಲಿಯಿಂದ ಬಂದುದಲ್ಲ. ಮನುಷ್ಯನ ಉಸಿರಿನಿಂದ ಬಂದುದು. ಹೊಲಕ್ಕೆ ಹೋದರೆ ಹೊಲಕ್ಕೂ ಅದು ಜೊತೆಗೇ ಬರುತ್ತಿದ್ದಿತು. ಅಂದಿನ ವೈದ್ಯರಿಗೂ ರೋಗದ ನಿಜವಾದ ಬೀಜವು ತಿಳಿದಿರಲಿಲ್ಲ. ಬಹುಮಂದಿ ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ಎಂದೇ ಎಣಿಸಿದ್ದರು. ಮನುಷ್ಯರಲ್ಲಿ ಈ ಜ್ವರವನ್ನು ಉಂಟುಮಾಡುವ ವೈರಸನ್ನು ವಿಜ್ಞಾನಿಗಳು ಬೇರ್ಪಡಿಸಿದುದು ೧೯೩೩ರಲ್ಲಿ. ಹೀಗಿರಲು ಮನೆಯವರಿಗೆ ಉಳಿದ ದಾರಿ ಒಂದೇ: ಬಾಗಿಲನ್ನು ಹಾಕಿಕೊಂಡು ಒಳಗಿರುವುದು. ಪ್ಲೇಗು ಜನರನ್ನು ಮನೆಯಿಂದ ಹೊರಗೆ ಅಟ್ಟಿದ್ದಿತು. ಈ ಜ್ವರವು ಅವರನ್ನು ಒಳಗೆ ಕೂಡಿಹಾಕಿತು.

೩

ಇದು ಶರತ್ಕಾಲದಲ್ಲಿ ಬಂದುದರಿಂದ ಉಂಟಾದ ವಿಶೇಷವನ್ನು ವಾಚಕರು ಗಮನಿಸಬೇಕು. ನಮ್ಮ ನಾಡಿನಲ್ಲಿ ಮಳೆಗಾಲವು ಒಳಗೆ ಕೂಡುವ ಕಾಲ. ತುಳುನಾಡಿನಲ್ಲಿ ಆಟಿಯ ತಿಂಗಳು ಬಂದಾಗ ಚೆನ್ನೆಮಣೆಯನ್ನು ಕೆಳಗಿಳಿಸಿ ಆಡುವರು. ಮಳೆ ನಿಂತ ಮೇಲೆ ಮಣೆಯು ಮತ್ತೆ ಅಟ್ಟವನ್ನು ಸೇರುವುದು. ಶರತ್ಕಾಲವಾದರೋ ಹೊಸ್ತಿಲನ್ನು ದಾಟುವ ಕಾಲ. ಆ ಋತುವಿನ ನಮ್ಮ ವಿನೋದಗಳೆಲ್ಲವೂ ಮನೆಯಿಂದ ಮನೆಗೆ ಹೋಗುವ ವಿನೋದಗಳೇ.

ಮೈಸೂರು ಸೀಮೆಯ ನವರಾತ್ರಿಯನ್ನೇ ತೆಗೆದುಕೊಳ್ಳಬಹುದು. ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳನ್ನು ಮೇಲಿನ ಹಂತದಲ್ಲಿ ಕೂರಿಸಿ, ಕೆಳಗಿನ ಹಂತಗಳಲ್ಲಿ ದೇವರು, ದಿಂಡರು, ಸೆಟ್ಟಿ, ಸೆಟ್ಟಿತಿಯರನ್ನು ಜೋಡಿಸಿ, ಸಂಜೆಯಾದೊಡನೆ ಆರತಿಯೆತ್ತುವರು. ಆ ಹೊತ್ತಿಗೆ ಬೀದಿಯ ಮಕ್ಕಳು ಗುಂಪುಗುಂಪಾಗಿ ಬಾಗಿಲಲ್ಲಿ ನಿಂತು ಗೊಂಬೆ ಕೂರಿಸಿರುವಿರಾ ಎಂದು ಕೇಳುವರು; ಒಳಗೆ ಬಂದು ನೋಡಿ, ಹಾಡು ಹೇಳಿ, ಗೊಂಬೆ ಬಾಗಿನವನ್ನು ಕೈಯಲ್ಲಿ ಹಿಡಿದು ಮುಂದಿನ ಮನೆಗೆ ಓಡುವರು. ಹಳೆಯ ಕೂಲಿಮಠಗಳ ಅಯ್ಯಗಳು ಮಹಾನವಮಿಯಲ್ಲಿ ಶಿಷ್ಯರಿಗೆ ಬಣ್ಣದ ಕೋಲುಗಳನ್ನು ಕೊಟ್ಟು, ಚೌಪದವನ್ನು ಹಾಡಿಸುತ್ತ ಮನೆಮನೆಗೂ ಕರೆದೊಯ್ಯುತ್ತಿದ್ದರು. ಉತ್ತರದ ಜಿಲ್ಲೆಗಳಲ್ಲಿ ವಿಜಯದಶಮಿಯ ಸಂಜೆ ಬನ್ನಿಯ ಎಲೆಯನ್ನು ಬಂಗಾರವೆಂದು ಕೈಗಿತ್ತು, ಕಿರಿಯರು ಹಿರಿಯರ ಕಾಲಿಗೆರಗುವರು. ವರ್ಷದ ಜಗಳಗಳೂ ಅಂದು ಮುಗಿಯುವುವು. ಮಲೆನಾಡಿನಲ್ಲಿ ದೀಪಾವಳಿಯ ರಾತ್ರಿಗಳಲ್ಲಿ ಅಂಟಿಕೆ ಪಂಟಿಕೆಯವರು ದೀಪವನ್ನು ಆರಗೊಡದೆ ಹಿಡಿದು, ಹಾಡುತ್ತ ಊರಿಂದೂರಿಗೆ ನಡೆಯುವರು.

ಗೊಂಬೆಯ ಆರತಿ, ಬನ್ನಿ, ಚೌಪದ, ದೀಪ ಇವೆಲ್ಲದರ ಸಾರವೂ ಒಂದೇ: ಒಬ್ಬರ ಮನೆಯ ಗಾಳಿಯನ್ನು ಇನ್ನೊಬ್ಬರು ಸಂತೋಷದಿಂದ ಹಂಚಿಕೊಳ್ಳುವುದು. ಆ ವರ್ಷ ವ್ಯಾಧಿಯು ಹಿಡಿದ ದಾರಿಯೂ ಅದೇ ಆಗಿದ್ದಿತು. ನಾವು ಒಬ್ಬರಿಗೊಬ್ಬರು ಪ್ರೀತಿಯನ್ನು ತೋರಿಸಿಕೊಳ್ಳುವ ಋತುವನ್ನೇ ಅದು ಆರಿಸಿಕೊಂಡು ಬಂದಂತಾಯಿತು. ಇದರ ಮೇಲೆ ಇನ್ನೊಂದು ಆಚಾರವನ್ನೂ ನೆನೆಯಬೇಕು. ಸಾವಾದ ಮನೆಯಲ್ಲಿ ಆ ವರ್ಷ ಹಬ್ಬವಿಲ್ಲ. ಗೊಂಬೆಯ ಪೆಟ್ಟಿಗೆಯನ್ನು ತೆರೆಯುವಂತಿಲ್ಲ, ಹೋಳಿಗೆಗೆ ಬಾಣಲೆಯಿಡುವಂತಿಲ್ಲ, ಬಾಗಿಲಿಗೆ ತೋರಣವಿಲ್ಲ. ಅಕ್ಟೋಬರಿನಲ್ಲಿ ಒಂದೊಂದು ಬೀದಿಯಲ್ಲಿಯೂ ಎಷ್ಟು ಮನೆಗಳ ಹಬ್ಬವು ನಿಂತಿರಬೇಕೆಂಬುದನ್ನು ಗಣತಿಯ ಅಂಕಿಗಳಿಂದಲೇ ಊಹಿಸಿಕೊಳ್ಳಬಹುದು. ದೀಪಾವಳಿಯು ಕಳೆದು ಸುಮಾರು ಒಂದು ವಾರಕ್ಕೆ, ನವೆಂಬರ್ ೧೧ರಂದು, ಯುದ್ಧವು ನಿಂತಿತೆಂಬ ಸುದ್ದಿ ಲೋಕಕ್ಕೆಲ್ಲ ಹಬ್ಬಿತು. ಜ್ವರವು ಹೊಕ್ಕಿದ್ದ ಮನೆಗಳಲ್ಲಿ ಆ ವಿಜಯಕ್ಕೆ ದೀಪ ಹಚ್ಚುವ ಮನಸ್ಸು ಯಾರಿಗೆ ಬಂದೀತು?

೪

ಇನ್ನು ಜ್ವರದ ಮನೆಯ ಒಳಗಣ ಸ್ಥಿತಿ. ಸಾಮಾನ್ಯವಾಗಿ ಇಂತಹ ಜ್ವರಗಳು ಎಳೆಯರನ್ನೂ ಮುದುಕರನ್ನೂ ಹೆಚ್ಚಾಗಿ ಬಾಧಿಸುವುವು. ೧೯೧೮ರ ಜ್ವರದ ಕ್ರೂರತೆಯು ಬೇರೆಯಾಗಿದ್ದಿತು. ಅದು ಇಪ್ಪತ್ತರಿಂದ ನಲವತ್ತು ವಯಸ್ಸಿನ ಗಟ್ಟಿಮುಟ್ಟಾದವರನ್ನೇ ಹೆಚ್ಚಾಗಿ ಕೊಂದಿತು. ಮನೆಯ ನೊಗವನ್ನು ಹೊತ್ತವರು ಮೊದಲು ಕುಸಿದರು. ಅಜ್ಜಿಯೂ ಮೊಮ್ಮಕ್ಕಳೂ ಉಳಿದರು. ಹಿಂದೀ ಕವಿಗಳಾದ ಸೂರ್ಯಕಾಂತ ತ್ರಿಪಾಠಿ ‘ನಿರಾಲಾ’ ಅವರು ಆಗಿನ್ನೂ ತರುಣರು. ಈ ಜ್ವರದಲ್ಲಿ ಅವರು ಪತ್ನಿಯನ್ನೂ ಮನೆಯ ಹಲವರನ್ನೂ ಕಳೆದುಕೊಂಡು, ಎಳೆಯ ಮಕ್ಕಳ ಭಾರವನ್ನು ಒಬ್ಬರೇ ಹೊರಬೇಕಾಯಿತು. ಗಂಗೆಯ ದಡದಲ್ಲಿ ತಾವು ಕಂಡ ಹೆಣಗಳ ರಾಶಿಯನ್ನು ಅವರು ‘ಕುಲ್ಲೀ ಭಾಟ್’ ಎಂಬ ಪುಸ್ತಕದಲ್ಲಿ ಸ್ಮರಿಸಿದ್ದಾರೆ. ಗಾಂಧೀಜಿಯವರ ಹಿರಿಯ ಮಗ ಹರಿಲಾಲರ ಪತ್ನಿಯೂ ತೀರಿಕೊಂಡುದು ಈ ಜ್ವರದಲ್ಲಿಯೇ.

ಮೃತರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು ಎಂಬ ಸಂಗತಿಯು ಅಂದಿನ ಅಧಿಕಾರಿಗಳ ಗಮನಕ್ಕೆ ಬಂದಿತು. ೧೯೨೧ರ ಭರತಖಂಡದ ಜನಗಣತಿಯ ವರದಿಯು ಇದಕ್ಕೆ ಕಾರಣವನ್ನು ಸೂಚಿಸಿದೆ: ಮನೆಯ ನಿತ್ಯದ ದುಡಿಮೆಯ ಜೊತೆಗೆ ರೋಗಿಗಳ ಶುಶ್ರೂಷೆಯೂ ಅವರ ಮೇಲೆಯೇ ಬಿದ್ದಿತು. ಸರ್ಕಾರದ ವರದಿಯಲ್ಲಿ ಇದು ಒಂದೆರಡು ಸಾಲಿನ ಮಾತು. ಆದರೆ ಈ ಸಾಲಿನ ಹಿಂದೆ ಎಷ್ಟೊಂದು ಅಡಿಗೆಮನೆಗಳಿವೆ! ತನಗೂ ಮೈ ಕಾದಿರಲು ಬೆಳಗಿನ ಜಾವ ಎದ್ದು, ಬಾವಿಯಿಂದ ನೀರು ಸೇದಿ, ಒಲೆ ಹಚ್ಚಿ, ಮಲಗಿದವರಿಗೆ ಗಂಜಿ ಕಾಯಿಸಿ, ಬೆವರಿದ ಬಟ್ಟೆಗಳನ್ನು ಒಗೆದು, ಎಲ್ಲರಿಗೂ ಆದ ಮೇಲೆ ಉಳಿದುದನ್ನು ಕುಡಿದು ಮಲಗಿದ ಗೃಹಿಣಿಯು ಆ ವರದಿಯಲ್ಲಿ ಒಂದು ಅಂಕಿ ಮಾತ್ರ. ಈ ಜ್ವರಕ್ಕೆ ಮುಖ್ಯವಾದ ಮದ್ದೆಂದರೆ ಮಲಗಿರುವುದು. ನಮ್ಮ ಮನೆಗಳಲ್ಲಿ ಮಲಗುವ ಹಕ್ಕು ಯಾರಿಗೆ ಕೊನೆಯದಾಗಿ ದೊರೆಯುತ್ತಿದ್ದಿತೋ ಅವರೇ ಹೆಚ್ಚಾಗಿ ಹೋದರು. ಆ ಶರತ್ಕಾಲದ ಗೃಹಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದ ವಿಷಯವಿಲ್ಲವೆಂದು ನನ್ನ ಭಾವನೆ.

ಔಷಧವೆಂಬುದು ಬಹುಮಟ್ಟಿಗೆ ಅಡಿಗೆಮನೆಯದೇ ಆಗಿದ್ದಿತು. ಶಾಂತಿನಿಕೇತನದಲ್ಲಿ ರವೀಂದ್ರನಾಥ ಠಾಕೂರರು ಬೇವು, ಅಮೃತಬಳ್ಳಿ ಮೊದಲಾದ ಐದು ಕಹಿ ವಸ್ತುಗಳ ಪಾಚನವನ್ನು ವಿದ್ಯಾರ್ಥಿಗಳಿಗೆ ಕುಡಿಸಿದರು. ನಮ್ಮ ಕಡೆಯ ಶುಂಠಿ, ಮೆಣಸು, ತುಳಸಿಯ ಕಷಾಯಗಳೂ ಇದೇ ವರ್ಗದವು. ಇವುಗಳಿಂದ ವೈರಸು ಸಾಯುತ್ತಿದ್ದಿತೆಂದು ಹೇಳಲಾಗದು. ಆದರೆ ಬಿಸಿಯಾದುದನ್ನು ಹೊತ್ತು ಹೊತ್ತಿಗೆ ಕುಡಿಸುವವರು ಬಳಿಯಲ್ಲಿದ್ದರೆಂಬುದು ಸಣ್ಣ ಮಾತಲ್ಲ. ಇಂತಹ ಜ್ವರದಲ್ಲಿ ನೀರು, ಗಂಜಿ, ಆರೈಕೆಗಳಿಲ್ಲದೆ ನಿಶ್ಶಕ್ತಿಯಿಂದಲೇ ಹೋಗುವವರೂ ಉಂಟು.

೫

ಜ್ವರವು ಇಳಿದರೂ ಕಷ್ಟವು ಮುಗಿಯುತ್ತಿರಲಿಲ್ಲ. ಇನ್‌ಫ್ಲುಯೆಂಜಾ ಬಿಟ್ಟವರಿಗೆ ವಾರಗಟ್ಟಲೆ ಕಾಲಲ್ಲಿ ಬಲವಿರದು, ಮನಸ್ಸೂ ಮಂಕಾಗಿರುವುದು. ಹೊರಗೆ ಹೋಗುವಂತಿಲ್ಲ, ಕೆಲಸ ಮಾಡುವಂತಿಲ್ಲ, ಸುಮ್ಮನೆ ಮಲಗಿರಲು ಮನಸ್ಸು ಬಾರದು. ಇಂತಹ ದೀರ್ಘವಾದ ಮಧ್ಯಾಹ್ನಗಳಿಗೆ ನಮ್ಮ ಹಿಂದಿನವರ ಮನೆಗಳಲ್ಲಿ ಇದ್ದ ಸಾಧನವೆಂದರೆ ಕುಳಿತಾಡುವ ಆಟಗಳು.

ಈ ಆಟಗಳ ವಿಷಯದಲ್ಲಿ ನಮ್ಮ ನಾಡು ಶ್ರೀಮಂತವಾದುದು. ೧೮೩೧ರಲ್ಲಿ ಆಡಳಿತವು ಕೈಬಿಟ್ಟ ಬಳಿಕ ಮುಮ್ಮಡಿ ಕೃಷ್ಣರಾಜ ಒಡೆಯರವರು ಗ್ರಂಥಗಳಿಗೂ ಕಲೆಗಳಿಗೂ ಮನಸ್ಸನ್ನು ಕೊಟ್ಟರೆಂಬುದು ಪ್ರಸಿದ್ಧವಾಗಿದೆ. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ‘ಕೌತುಕನಿಧಿ’ ಎಂಬುದು ಗಂಜೀಫಾ ಮೊದಲಾದ ಆಟಗಳಿಗಾಗಿಯೇ ಮೀಸಲಾಗಿದೆ. ಹೊರಗಿನ ಅಧಿಕಾರವು ತಪ್ಪಿದ ಅರಸರು ಒಳಗಿನ ಮಣೆಯ ಮೇಲೆ ನಿಯಮಗಳನ್ನು ಕಟ್ಟಿದರೆಂಬುದು ನಮ್ಮ ವಿಷಯಕ್ಕೆ ದೂರವಾದುದಲ್ಲ.

ಅರಮನೆಯ ಚಿತ್ರದ ಎಲೆಗಳು ಬಡವರಿಗೆ ಎಲ್ಲಿಂದ ಬರಬೇಕು? ಅವರ ಚೌಕಾಬಾರಕ್ಕೆ ಬೇಕಾದುದು ಒಂದು ತುಂಡು ಬಳಪ, ನಾಲ್ಕು ಕವಡೆ. ಕವಡೆಯಿಲ್ಲದಿದ್ದರೆ ಸೀಳಿದ ಹುಣಿಸೆಬೀಜ. ನೆಲದ ಮೇಲೆ ಐದಕ್ಕೆ ಐದರಂತೆ ಇಪ್ಪತ್ತೈದು ಮನೆಗಳನ್ನು ಬರೆದರೆ ಮಣೆಯು ಸಿದ್ಧವಾಯಿತು. ಆಟ ಮುಗಿದ ಮೇಲೆ ಒದ್ದೆಬಟ್ಟೆಯಲ್ಲಿ ಒರಸಿದರೆ ಅದು ಮತ್ತೆ ನೆಲ. ಗೀಟು ಹಾಕಿದ ಕಟ್ಟೆಯ ಮನೆಯಲ್ಲಿ ನಿಂತ ಕಾಯನ್ನು ಯಾರೂ ಕಡಿಯುವಂತಿಲ್ಲ. ಎಲ್ಲ ಅಪಾಯಗಳನ್ನೂ ದಾಟಿ ನಡುಮನೆಯನ್ನು ಸೇರಿದ ಕಾಯಿ ಹಣ್ಣಾಗುವುದು. ಆಡುವವರು ಎಣಿಸಬೇಕು, ನೆನಪಿಟ್ಟುಕೊಳ್ಳಬೇಕು, ತಮ್ಮ ಸರದಿಗೆ ಕಾಯಬೇಕು. ಜ್ವರ ಬಿಟ್ಟವರ ಮಂಕಾದ ಬುದ್ಧಿಗೆ ಇಷ್ಟು ವ್ಯಾಯಾಮವು ಹಿತಮಿತವಾದುದು.

ಜೊತೆಗಾರರೂ ಇಲ್ಲದವರಿಗೆ ಅಳಗುಳಿಮಣೆಯಲ್ಲಿ ಒಂಟಿಯಾಗಿ ಆಡುವ ಆಟವೊಂದಿದೆ. ತಮಿಳರು ಇದನ್ನು ಸೀತೆಪಾಂಡಿ ಎನ್ನುವರು. ಅಶೋಕವನದಲ್ಲಿ ಸೀತಾದೇವಿಯು ಒಬ್ಬಳೇ ಕುಳಿತು ಇದನ್ನು ಆಡುತ್ತಿದ್ದಳೆಂದು ಐತಿಹ್ಯ. ಒಂದು ಸಾಲಿನ ಏಳು ಗುಳಿಗಳಲ್ಲಿ ಏಳು, ಆರು, ಐದು, ನಾಲ್ಕು, ಮೂರು, ಎರಡು, ಒಂದು ಎಂದು ಕಾಳುಗಳನ್ನು ಇಡಬೇಕು. ಏಳಿರುವ ಗುಳಿಯನ್ನು ಬರಿದುಮಾಡಿ, ಆ ಗುಳಿಯಿಂದಲೇ ಮೊದಲುಮಾಡಿ ಒಂದೊಂದಕ್ಕೆ ಒಂದರಂತೆ ಹಂಚಿದರೆ, ಈಗ ಪಕ್ಕದ ಗುಳಿಯಲ್ಲಿ ಏಳು ಕಾಳುಗಳಾಗುವುವು. ಅದನ್ನೂ ಅದೇ ಕ್ರಮದಲ್ಲಿ ಹಂಚಬೇಕು. ಸಾಲಿನ ಕೊನೆಗೆ ಬಂದರೆ ಮೊದಲಿನ ಗುಳಿಗೆ ಹಿಂದಿರುಗಬೇಕು. ಹೀಗೆ ಏಳು ಸಲ ಮಾಡಿದರೆ ಕಾಳುಗಳೆಲ್ಲವೂ ಹೊರಟ ಸ್ಥಾನಕ್ಕೇ ಬಂದು ನಿಲ್ಲುವುವು. ವಾಚಕರು ಇಪ್ಪತ್ತೆಂಟು ಹುಣಿಸೆಬೀಜಗಳನ್ನು ತೆಗೆದುಕೊಂಡು ಪರೀಕ್ಷಿಸಬಹುದು. ಇದರಲ್ಲಿ ಗೆಲ್ಲುವವರಿಲ್ಲ, ಸೋಲುವವರೂ ಇಲ್ಲ. ಚೆದರಿದುದು ಮತ್ತೆ ಕ್ರಮಕ್ಕೆ ಬರುವುದನ್ನು ಕಣ್ಣಾರೆ ಕಾಣುವ ಸಮಾಧಾನವೊಂದೇ ಇದರ ಫಲ. ಬಿಡುಗಡೆಯ ದಿನವನ್ನು ಅರಿಯದೆ ಕಾಯುತ್ತಿದ್ದವಳ ಹೆಸರನ್ನು ಇದಕ್ಕೆ ಇಟ್ಟವರು ಮನುಷ್ಯರ ಮನಸ್ಸನ್ನು ಬಲ್ಲವರು.

೬

ನೂರೆರಡು ವರ್ಷಗಳ ತರುವಾಯ ಅಂತಹುದೇ ಕಾಲವು ನಮ್ಮ ಪಾಲಿಗೂ ಬಂದಿತು. ಕೋವಿಡ್ ವ್ಯಾಧಿಯಿಂದ ಭಾರತದಲ್ಲಿ ಮೊದಲ ಮರಣವಾದುದು ೨೦೨೦ರ ಮಾರ್ಚಿಯಲ್ಲಿ, ನಮ್ಮ ಕಲಬುರಗಿಯಲ್ಲಿ. ಆ ವರ್ಷದ ಮೊದಲನೆಯ ಅಲೆಯು ದೇಶದಲ್ಲಿ ತುದಿ ಮುಟ್ಟಿದುದು ಸೆಪ್ಟೆಂಬರಿನ ನಡುವೆ, ಮಹಾಲಯ ಅಮಾವಾಸ್ಯೆಯ ಹೊತ್ತಿಗೆ. ದಿನವೊಂದಕ್ಕೆ ತೊಂಬತ್ತು ಸಾವಿರಕ್ಕೂ ಮೇಲ್ಪಟ್ಟು ಹೊಸ ರೋಗಿಗಳು ಗೊತ್ತಾಗುತ್ತಿದ್ದರು. ಅಕ್ಟೋಬರ್ ೧೭ರಂದು ಚಾಮುಂಡಿಬೆಟ್ಟದ ಮೇಲೆ ದಸರೆಯನ್ನು ಉದ್ಘಾಟಿಸಿದವರು ಹೃದ್ರೋಗತಜ್ಞರಾದ ಡಾಕ್ಟರ್ ಸಿ. ಎನ್. ಮಂಜುನಾಥ್ ಅವರು. ಬನ್ನಿಮಂಟಪದವರೆಗೆ ಸಾಗಬೇಕಾದ ಜಂಬೂಸವಾರಿಯು ಅರಮನೆಯ ಆವರಣದಲ್ಲಿಯೇ ಮುಗಿಯಿತು. ಅರಮನೆಯೂ ಆ ವರ್ಷ ಹೊಸ್ತಿಲನ್ನು ದಾಟಲಿಲ್ಲ.

೧೯೧೮ರ ಮನೆಯವರಿಗೆ ಇಲ್ಲದ ಅನುಕೂಲಗಳು ನಮಗಿದ್ದುವೆಂಬುದನ್ನು ಒಪ್ಪಬೇಕು. ರೋಗದ ಬೀಜವು ಯಾವುದೆಂದು ಕೆಲವೇ ವಾರಗಳಲ್ಲಿ ತಿಳಿಯಿತು. ದೂರದ ಬಂಧುಗಳ ಮುಖವನ್ನು ದೂರವಾಣಿಯಲ್ಲಿ ನೋಡಿದೆವು. ಗೊಂಬೆಯ ಆರತಿಯನ್ನೂ ಅದರಲ್ಲಿಯೇ ಕಂಡೆವು. ಆದರೂ ಮಧ್ಯಾಹ್ನಗಳು ಉದ್ದವಾಗಿಯೇ ಇದ್ದುವು. ನಮ್ಮ ಮನೆಯಲ್ಲಿ ಬಹುಕಾಲದಿಂದ ಅಟ್ಟದ ಮೇಲಿದ್ದ ಅಳಗುಳಿಮಣೆಯನ್ನು ಆಗ ಕೆಳಗಿಳಿಸಿದೆವು. ಗುಳಿಗಳಲ್ಲಿ ಜೇಡರ ಬಲೆ ಕಟ್ಟಿದ್ದಿತು. ಮಕ್ಕಳು ಅದನ್ನು ಒರಸಿ, ಆಡುವ ಬಗೆಯನ್ನು ಕೇಳಿದರು. ನಿಯಮಗಳನ್ನು ಸರಿಯಾಗಿ ಬಲ್ಲವರು ಮನೆಯಲ್ಲಿ ಅಜ್ಜಿಯೊಬ್ಬರೇ ಆಗಿದ್ದರು. ನಾಲ್ಕು ಕಾಳುಗಳು ಕೂಡಿದಾಗ ಅದಕ್ಕೆ ಕರು ಎಂದು ಏಕೆ ಹೆಸರು ಎಂದು ಮೊಮ್ಮಗಳು ಕೇಳಲು, ಅವರು ಉತ್ತರಕ್ಕೆ ಬದಲಾಗಿ ತಮಗೆ ಈ ಆಟವನ್ನು ಕಲಿಸಿದ ಸೋದರತ್ತೆಯ ಕಥೆಯನ್ನು ಹೇಳಿದರು. ಆಕೆಯ ತಾಯಿಯು ಜ್ವರದ ವರ್ಷದಲ್ಲಿ ಹೋದವರಂತೆ. ನಮ್ಮ ಮನೆತನದಲ್ಲಿ ಹಾಗೆ ಒಬ್ಬರಿದ್ದರೆಂಬುದು ನಮಗೆ ಅಂದೇ ತಿಳಿದುದು. ಅವರ ಹೆಸರನ್ನು ಕೇಳಿದೆ. ಅಜ್ಜಿಗೂ ಅದು ನೆನಪಿರಲಿಲ್ಲ.

ಈ ಲೇಖನಕ್ಕೆ ಕಾರಣವು ಇಷ್ಟೆ. ಒಂದು ಶತಮಾನದೊಳಗೆ ಒಬ್ಬ ಗೃಹಿಣಿಯ ಹೆಸರು ಅವಳ ಮನೆಯಿಂದಲೇ ಅಳಿಸಿಹೋಗಬಲ್ಲುದು. ಅವಳ ಮಗಳು ಕಲಿಸಿದ ಆಟವು ಮಾತ್ರ ಉಳಿಯಬಲ್ಲುದು. ೧೯೧೮ನ್ನು ಕಣ್ಣಿನಿಂದ ಕಂಡವರು ಇಂದು ಹೆಚ್ಚು ಕಡಮೆ ಯಾರೂ ಇಲ್ಲ. ಅವರ ಬಾಯಿಂದ ಕೇಳಿದವರು ಕೆಲವರು ಇದ್ದಾರೆ. ೨೦೨೦ನ್ನು ಕಂಡವರಾದರೋ ನಾವೆಲ್ಲರೂ ಇದ್ದೇವೆ. ಯಾರು ಮಲಗಿದರು, ಯಾರು ಆರೈಕೆ ಮಾಡಿದರು, ಆ ವರ್ಷ ಹಬ್ಬವು ಹೇಗೆ ನಡೆಯಿತು ಅಥವಾ ನಿಂತಿತು, ಮಕ್ಕಳು ಏನನ್ನು ಆಡಿದರು ಎಂಬುದನ್ನು ಪ್ರತಿಯೊಂದು ಮನೆಯವರೂ ಒಂದೆರಡು ಪುಟಗಳಲ್ಲಿ ಬರೆದಿಡಬೇಕೆಂದು ನನ್ನ ಪ್ರಾರ್ಥನೆ. ಇದಕ್ಕೆ ಪಾಂಡಿತ್ಯವು ಬೇಡ. ಮನೆಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಯೇ ಸಾಕು. ಹಿರಿಯರಿಂದ ಜ್ವರದ ವರ್ಷದ ಮಾತನ್ನು ಕೇಳಿದವರು ಅದನ್ನೂ ಜೊತೆಗೆ ಸೇರಿಸಲಿ. ಹೆಸರುಗಳನ್ನು ಮಾತ್ರ ಮರೆಯದೆ ಬರೆಯಬೇಕು. ಮೊದಲು ಹೆಂಗಸರ ಹೆಸರುಗಳನ್ನು.